ಎಡ ಮೂಲೆಯ ಭಾರ

"ಇದನ್ನ ಕೈಯಲ್ಲಿ ಹಿಡಿದು ನೋಡಿ ಅಕ್ಕ," ಎನ್ನುತ್ತ ಜಾಕಣ್ಣ ಕಾರಿನ ಹಳೆಯ ಸ್ಪ್ರಿಂಗನ್ನು ಮೊಳದಕ್ಕನ ಮಡಿಲಿಗೇ ಇಟ್ಟುಬಿಟ್ಟ.

ಒಗೆದು ಇಸ್ತ್ರಿ ಮಾಡಿದ ಬಟ್ಟೆಗೆ ಗ್ರೀಸು ಮೆತ್ತಿತು. ಬೇರೆ ದಿನವಾಗಿದ್ದರೆ ಮೊಳದಕ್ಕ ಅವನ ಏಳು ತಲೆಮಾರನ್ನು ಎಳೆದು ತರುತ್ತಿದ್ದಳು. ಇವತ್ತು ಬೈಯುವುದಕ್ಕೂ ಪುರುಸೊತ್ತಿರಲಿಲ್ಲ. ಗಂಟೆ ಹತ್ತಾಗಿತ್ತು. ಒಂದು ಗಂಟೆಗೆ ಕಾರು ಕೊಳ್ಳುವವರು ಬರುವವರಿದ್ದರು. ಕಾರು ಹೋಯಿತೆಂದರೆ ಅದರ ಜೊತೆ ಇದ್ದಬದ್ದ ಸುಳಿವೂ ಹೋದ ಹಾಗೆ.

ಕಾರಿನ ಯಜಮಾನರಾದ ತಕ್ಕಡಿ ಮಾಸ್ತರು ಕಾಣೆಯಾಗಿ ಅಂದಿಗೆ ಮೂರು ವಾರ. ಹೋಗುವ ಮುಂಚೆ ಅವರು ಬರೆದಿಟ್ಟರೆಂಬ ಒಂದು ಕಾಗದವಿತ್ತು. ಮನಸ್ಸು ಬೇಸತ್ತಿದೆ, ದೂರ ಹೋಗುತ್ತಿದ್ದೇನೆ, ಹುಡುಕಬೇಡಿ, ಕಾರನ್ನು ಮಾರಿಬಿಡಿ ಎಂದು ಅದರಲ್ಲಿತ್ತು. ಟೈಪ್ ಮಾಡಿದ ಕಾಗದ. ತಂದು ತೋರಿಸಿದವನು ಮಾಸ್ತರ ಸ್ವಂತ ತಮ್ಮ, ತಕ್ಕಡಿ ರಿಪೇರಿ ಅಂಗಡಿಯಲ್ಲಿ ಅವರ ಪಾಲುದಾರ. ಪೊಲೀಸರು ಅದನ್ನು ಓದಿ, ಮಡಚಿ, ಫೈಲಿಗೆ ಹಾಕಿಕೊಂಡರು. ಊರಾಚೆಯ ಕಲ್ಲುಗಣಿಯ ಹೊಂಡಕ್ಕೆ ಒಮ್ಮೆ ಜನರನ್ನು ಇಳಿಸಿ ನೋಡಿ ಎಂದು ಮೊಳದಕ್ಕ ಕೇಳಿದಾಗ, ವಯಸ್ಸಾದ ಮೇಲೆ ಪತ್ತೇದಾರಿ ಪುಸ್ತಕ ಓದುವುದನ್ನು ಕಡಿಮೆ ಮಾಡಬೇಕು ಎಂದು ಠಾಣೆಯ ಸಾಹೇಬರು ನಕ್ಕಿದ್ದರು.

ಮೊಳದಕ್ಕ ಪುಸ್ತಕ ಓದಿ ಬೆಳೆದವಳಲ್ಲ. ಮೂವತ್ತೊಂದು ವರ್ಷ ವಿಮಾ ಕಂಪನಿಯ ಸರ್ವೇಯರಾಗಿ ನಜ್ಜುಗುಜ್ಜಾದ ಗಾಡಿಗಳನ್ನು ಅಳೆದು, ಯಾವುದು ಅಪಘಾತ ಯಾವುದು ನಾಟಕ ಎಂದು ಬರೆದವಳು. ಟೇಪು ಮರೆತುಬಂದ ದಿನ ಕೈಯಿಂದಲೇ ಮೊಳ ಹಾಕುತ್ತಿದ್ದಳು. ಹಾಗಾಗಿ ಊರಿಗೆಲ್ಲ ಮೊಳದಕ್ಕ. ನಿವೃತ್ತಿಯಾದ ಮೇಲೂ ಟೇಪು ಕೈಚೀಲದಿಂದ ಇಳಿದಿರಲಿಲ್ಲ.

ಮಾಸ್ತರ ಮಗಳು ವರ್ಕ್‌ಶಾಪಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ, ಒಬ್ಬಳೇ ಮಗಳು, ತಾಯಿ ಇಲ್ಲ. ಕಾರನ್ನು ಮಾಸ್ತರು ಅವಳ ಹೆಸರಿಗೆ ಮಾಡಿಸಿದ್ದರಿಂದ ಮಾರಾಟದ ಪತ್ರಕ್ಕೆ ಅವಳ ಸಹಿಯೇ ಬೇಕಿತ್ತು. ಸಹಿ ಹಾಕಿದರೆ ಆ ಟೈಪ್ ಕಾಗದವನ್ನು ನಂಬಿದ ಹಾಗೆ. ಹಾಕದಿದ್ದರೆ ಚಿಕ್ಕಪ್ಪನನ್ನು ನಂಬದ ಹಾಗೆ. ಮೂರು ವಾರದಿಂದ ಆ ಹುಡುಗಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು. ಮೊದಲ ದಿನ ಮೊಳದಕ್ಕನ ಮನೆಗೆ ಬಂದು ಅವಳು ಕೇಳಿದ್ದು ಒಂದೇ ಮಾತು.

"ಕಾಯಬೇಕಾ, ಅಳಬೇಕಾ? ಅದೊಂದು ಹೇಳಿ ಅಕ್ಕ, ಸಾಕು."

ಆ ಮಾತು ಮೊಳದಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಉತ್ತರ ಗೊತ್ತಿಲ್ಲ ಎಂದು ಹೇಳುವುದಕ್ಕೆ ಇನ್ನು ಮೂರೇ ಗಂಟೆ ಉಳಿದಿತ್ತು.

"ಹಿಡಿದೆ. ಏನಿದೆ ಇದರಲ್ಲಿ?" ಎಂದಳು.

"ಪಕ್ಕದಲ್ಲಿ ಇದನ್ನ ಇಟ್ಟು ನೋಡಿ." ಜಾಕಣ್ಣ ಇನ್ನೊಂದನ್ನು ತಂದ. "ಅದು ಹಿಂದಿನ ಎಡಗಡೇದು, ಇದು ಬಲಗಡೇದು. ಒಂದೇ ದಿನ ಹುಟ್ಟಿದ ಅವಳಿಜವಳಿ. ಈಗ ನೋಡಿ."

ಮೊಳದಕ್ಕ ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿದಳು. ಸುತ್ತು ಎಣಿಸಿದಳು, ಎರಡಕ್ಕೂ ಒಂಬತ್ತು. ಕಂಬಿಯ ದಪ್ಪ ಒಂದೇ. ಆದರೆ ಎಡದ್ದು ಬಲದ್ದಕ್ಕಿಂತ ಒಂದು ಬೆರಳು ಕುಳ್ಳಗಿತ್ತು. ಯಾರೂ ಕತ್ತರಿಸಿರಲಿಲ್ಲ. ಅದು ತಾನಾಗಿಯೇ ಕುಗ್ಗಿತ್ತು.

ಜಾಕಣ್ಣ ದಿನದ ಅರ್ಧ ಭಾಗವನ್ನು ಗಾಡಿಯ ಕೆಳಗೆ ಕಳೆಯುವವನು. ಅವನ ಮುಖಕ್ಕಿಂತ ಅವನ ಕಾಲು ಊರಿನವರಿಗೆ ಹೆಚ್ಚು ಪರಿಚಯ. ಚಿಕ್ಕಪ್ಪ ಕಾರು ತಂದು ನಿಲ್ಲಿಸಿದ ದಿನದ ಕಥೆಯನ್ನು ಅವನು ಕೈ ಒರೆಸಿಕೊಳ್ಳುತ್ತ ಹೇಳಿದ. ಈ ಹಳೇ ಕಾಲದ ಕಾರು ತುಂಬಾ ಎತ್ತರ ಕಾಣುತ್ತೆ, ಕೊಳ್ಳುವವರಿಗೆ ತಗ್ಗಾಗಿರುವ ಗಾಡಿ ಇಷ್ಟವಂತೆ, ನಾಲ್ಕೂ ಸ್ಪ್ರಿಂಗಿನಿಂದ ಒಂದೊಂದು ಸುತ್ತು ಕತ್ತರಿಸಿ ಕೂರಿಸಿಬಿಡು ಎಂದು ಚಿಕ್ಕಪ್ಪ ಕೇಳಿದ್ದನಂತೆ. ಸ್ಪ್ರಿಂಗು ಕತ್ತರಿಸುವುದೆಂದರೆ ಜನ ತಲೆಗೂದಲು ಕತ್ತರಿಸಿದ ಹಾಗೆ ಅಂದುಕೊಂಡಿದ್ದಾರೆ ಎಂದು ಜಾಕಣ್ಣನ ದೂರು. ಒಂದು ಸುತ್ತು ತೆಗೆದರೆ ಗಾಡಿ ತಗ್ಗುತ್ತದೆ ನಿಜ, ಆದರೆ ಉಳಿದ ಸ್ಪ್ರಿಂಗು ಬಿಗಿಯಾಗುತ್ತದೆ. ಗ್ಯಾಸಿನಲ್ಲಿ ಕಾಯಿಸಿ ಕೊಯ್ದರಂತೂ ಉಕ್ಕಿನ ಜೀವವೇ ಹೋಗುತ್ತದೆ. ಮೊದಲೇ ಕುಗ್ಗಿದ ಒಂದನ್ನೂ ಕುಗ್ಗದ ಒಂದನ್ನೂ ಸಮನಾಗಿ ಕತ್ತರಿಸಿದರೆ ಕಾರು ಜನ್ಮಪೂರ್ತಿ ಓರೆಯಾಗಿಯೇ ಓಡುತ್ತದೆ.

ಹಾಗಾಗಿ ಕತ್ತರಿಸಲು ಒಪ್ಪದೆ, ತಗ್ಗಿಗೆ ತಕ್ಕ ಗಿಡ್ಡ ಸ್ಪ್ರಿಂಗುಗಳನ್ನು ಸ್ವಲ್ಪ ದಪ್ಪ ಕಂಬಿಯಲ್ಲಿ ಆರಿಸಿ ತರಿಸಿ ಹಾಕಿದ್ದ. ಕಾರು ಈಗ ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತಿತ್ತು.

"ಸರಿ ಅಂದ್ರು. ಆದ್ರೆ ಹಳೇದನ್ನ ನನ್ನ ಕಣ್ಣೆದುರಿಗೇ ಗುಜರಿಗೆ ಹಾಕು ಅಂದ್ರು. ಹಾಕಿದೆ. ಬೇರೆ ಗಾಡೀದು ಹಾಕಿದೆ."

ಬಿಚ್ಚಿದ ಸ್ಪ್ರಿಂಗನ್ನು ಜೋಡಿಯಾಗಿ ತಂತಿ ಕಟ್ಟಿ ಒಂದು ವರ್ಷ ಗೋಡೆಗೆ ನೇತುಹಾಕುವುದು ಜಾಕಣ್ಣನ ಪದ್ಧತಿ. ನಾಳೆ ಯಾರಾದರೂ ಜಗಳಕ್ಕೆ ಬಂದರೆ ತೋರಿಸಲು ಇರಲಿ ಎಂದು. ಗೋಡೆಯ ತುಂಬ ಜೋಡಿ ಜೋಡಿ ಸ್ಪ್ರಿಂಗುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಬಾಗಿಲಿನಿಂದ ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಇನ್ನೊಂದು ವಿಷಯ," ಎಂದು ಜಾಕಣ್ಣ ಮಾಸ್ತರ ಮಗಳ ಕಡೆ ನೋಡಿ ದನಿ ತಗ್ಗಿಸಿದ. "ಹೊಸ ಸ್ಪ್ರಿಂಗ್ ಹಾಕೋಕ್ ಮುಂಚೆ ಒಂದು ಸುತ್ತು ಓಡಿಸಿ ನೋಡಿದೆ. ಹಿಂದೆ ಎಡಗಡೆ ಎರಡು ಬೆರಳು ಎತ್ತಿಕೊಂಡಿತ್ತು. ಕುಗ್ಗಿದ ಕಡೆ ತಗ್ಗಿರಬೇಕು ತಾನೇ? ಅದು ಎತ್ತಿತ್ತು. ಸೋಫಾದಿಂದ ಯಾರಾದ್ರೂ ಎದ್ದು ಹೋದ್ಮೇಲೆ ದಿಂಬು ಮೇಲೆ ಬರುತ್ತಲ್ಲ, ಹಾಗೆ. ನಾನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದೆ ನೋಡ್ಕೊಂಡೇ ಬಂದೆ. ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು ಅಕ್ಕ."

ಮೊಳದಕ್ಕನ ಕೈ ಸ್ಪ್ರಿಂಗಿನ ಮೇಲೆಯೇ ನಿಂತಿತು. ಮನುಷ್ಯ ದಿನಕ್ಕೊಂದು ಗಂಟೆ ಕೂತು ಎದ್ದರೆ ಸ್ಪ್ರಿಂಗು ಹೀಗೆ ಕುಗ್ಗುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದು ಜಾಕಣ್ಣ ತಲೆಯಾಡಿಸಿದ.

"ಹಗಲೂ ರಾತ್ರಿ ಅಲ್ಲೇ ಕೂತಿರಬೇಕು. ವರ್ಷಗಟ್ಟಲೆ. ಇಳಿಯಲೇಬಾರದು."

ಗೋಡೆಯ ಸ್ಪ್ರಿಂಗುಗಳು ಮತ್ತೆ ಕಿಣಿಕಿಣಿ ಎಂದವು. ಮಾಸ್ತರ ಮಗಳು ನಕ್ಕಳು, ಮೂರು ವಾರದಲ್ಲಿ ಮೊದಲ ಸಲ.

"ಅದು ಅಪ್ಪನ ಬಟ್ಟುಗಳು ಅಕ್ಕ. ತೂಕದ ಬಟ್ಟುಗಳು."

ಅಂಗಡಿ ಅಂಗಡಿಗೆ ಹೋಗಿ ದೊಡ್ಡ ತಕ್ಕಡಿಗಳನ್ನು ಪರೀಕ್ಷಿಸುವುದು ಮಾಸ್ತರ ಕೆಲಸ. ಅದಕ್ಕೆ ಇಪ್ಪತ್ತಿಪ್ಪತ್ತು ಕೆಜಿಯ ಮೂರು ಎರಕದ ಬಟ್ಟುಗಳು ಕಾರಿನ ಡಿಕ್ಕಿಯಲ್ಲಿ ಸದಾ ಇರುತ್ತಿದ್ದವು. ಬಲಗಡೆ ಸ್ಟೆಪ್ನಿ ಚಕ್ರವಿದ್ದುದರಿಂದ ಅವು ಎಡಗಡೆ. ಇಪ್ಪತ್ತೆರಡು ವರ್ಷ ಅವು ಅಲ್ಲಿಂದ ಮನೆಯೊಳಗೆ ಬಂದದ್ದೇ ಇಲ್ಲ. ಚಿಕ್ಕವಳಿದ್ದಾಗ ಅವಳು ಅವಕ್ಕೆ ದೊಡ್ಡಣ್ಣ, ನಡುವಣ್ಣ, ಚಿಕ್ಕಣ್ಣ ಎಂದು ಹೆಸರಿಟ್ಟಿದ್ದಳು, ಮೂರೂ ಒಂದೇ ತೂಕವಾದರೂ.

ಜಾಕಣ್ಣ ಉಸಿರು ಬಿಟ್ಟ. ದೆವ್ವವಲ್ಲ, ಬರೀ ಕಬ್ಬಿಣ. ಆದರೆ ಮೊಳದಕ್ಕನಿಗೆ ಸಮಾಧಾನವಾಗಲಿಲ್ಲ.

"ಈಗ ಎಲ್ಲಿವೆ ಆ ಮೂರು ಅಣ್ಣಂದಿರು?" ಎಂದಳು.

ಮಗಳ ನಗು ಅಲ್ಲಿಗೇ ನಿಂತಿತು. ಚಿಕ್ಕಪ್ಪನನ್ನು ಕೇಳಿದ್ದಳಂತೆ. ಎರಡು ವರ್ಷದ ಹಿಂದೆಯೇ ಅಣ್ಣ ಅವನ್ನು ಮಾರಿಬಿಟ್ಟ, ನಿನಗೆ ಹೇಳಿಲ್ಲ ಅಷ್ಟೆ ಎಂದಿದ್ದನಂತೆ. ಅವಳು ಡಿಕ್ಕಿ ತೆರೆದು ನೋಡಿ ಎಷ್ಟೋ ವರ್ಷವಾಗಿತ್ತು. ನಂಬಿದ್ದಳು.

ಮೊಳದಕ್ಕ ಎಡದ ಸ್ಪ್ರಿಂಗನ್ನು ಬೆಳಕಿಗೆ ಹಿಡಿದಳು. ಕೆಳಗಿನ ಎರಡು ಸುತ್ತುಗಳು ಒಂದಕ್ಕೊಂದು ಬಡಿದುಕೊಂಡ ಜಾಗದಲ್ಲಿ ಬಣ್ಣ ಹೋಗಿ ಉಕ್ಕು ಕಾಣುತ್ತಿತ್ತು. ಭಾರವಿದ್ದಾಗ ಗುಂಡಿಗೆ ಬಿದ್ದರೆ ಸುತ್ತುಗಳು ಹಾಗೆ ಬಡಿಯುತ್ತವೆ ಎಂದ ಜಾಕಣ್ಣ. ಬಲದ ಸ್ಪ್ರಿಂಗಿನಲ್ಲಿ ಆ ಗುರುತಿರಲಿಲ್ಲ. ಮೊಳದಕ್ಕ ಬೆರಳಿಂದ ಉಜ್ಜಿದಳು. ತೆಳ್ಳನೆಯ ಹಳದಿ ತುಕ್ಕು ಬೆರಳಿಗೆ ಬಂತು, ಅದರಡಿ ಉಕ್ಕು ಇನ್ನೂ ಬೆಳ್ಳಗಿತ್ತು. ಬಡಿತ ನಿಂತು ಎರಡು ವರ್ಷ ಗಾಳಿಗೆ ಬಿದ್ದಿದ್ದರೆ ಇಲ್ಲಿ ಕಂದು ಹಕ್ಕಳೆ ಕಟ್ಟಿರಬೇಕಿತ್ತು. ಇದು ಕೆಲವೇ ವಾರಗಳ ತುಕ್ಕು.

"ಈ ಉಂಗುರ ಎಲ್ಲಿತ್ತು?" ಸ್ಪ್ರಿಂಗಿನ ಜೊತೆ ತಂತಿಯಲ್ಲಿ ಕಟ್ಟಿದ್ದ ದಪ್ಪ ರಬ್ಬರ್ ಉಂಗುರವನ್ನು ತೋರಿಸಿದಳು.

ಎಡದ ಸ್ಪ್ರಿಂಗಿನ ತಲೆಯ ಮೇಲೆ ಕೂರಿಸಿದ್ದರು ಎಂದ ಜಾಕಣ್ಣ. ಕುಗ್ಗಿದ ಕಡೆ ಎತ್ತರ ತುಂಬಿಕೊಡಲು. ಅದನ್ನು ಹಾಕಿಸಿದ್ದು ಅಪ್ಪನೇ ಎಂದಳು ಮಗಳು. ಬಟ್ಟುಗಳ ಭಾರಕ್ಕೆ ಕಾರು ಎಡಕ್ಕೆ ವಾಲುವುದನ್ನು ಅವರು ಸಹಿಸುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಕಂಡಂತೆ, ಪ್ರತಿ ಭಾನುವಾರ ಬೆಳಿಗ್ಗೆ ಬಟ್ಟುಗಳ ಮೇಲೆ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ನಟ್ಟನಡುವೆ ಬರುವವರೆಗೆ ಡಿಕ್ಕಿ ಮುಚ್ಚುತ್ತಿರಲಿಲ್ಲ. ಕೂದಲಷ್ಟು ಓರೆ ಇದ್ದರೆ ಪೇಪರಿನ ಚೂರನ್ನು ನಾಲ್ಕು ಮಡಿಕೆ ಮಾಡಿ ಅದರಡಿ ಸಿಗಿಸುತ್ತಿದ್ದರು.

"ಜಾಕಣ್ಣ, ನಿನ್ನ ತೂಕ ಎಷ್ಟು?"

"ಊಟಕ್ಕೆ ಮುಂಚೆ ಅರವತ್ತು."

"ಹೋಗಿ ಡಿಕ್ಕೀಲಿ ಕೂತ್ಕೋ. ಎಡಗಡೆ."

ಜಾಕಣ್ಣ ಮೊಣಕಾಲನ್ನು ಕಿವಿಗೆ ತಾಗಿಸಿಕೊಂಡು ಡಿಕ್ಕಿಯಲ್ಲಿ ಮುದುರಿ ಕೂತ. ಮೊಳದಕ್ಕ ಟೇಪು ಹಿಡಿದು ಚಕ್ರದ ಮೇಲಿನ ಸಂದನ್ನು ಅಳೆದಳು. ಕಾರು ಒಂದೂವರೆ ಬೆರಳು ಕೂತಿತ್ತು. ಹೊಸ ಕಂಬಿ ದಪ್ಪ, ಅದಕ್ಕೆ ಅರ್ಧ ಬೆರಳು ಕಡಿಮೆ, ಹಳೆಯದರಲ್ಲಿ ಸರಿಯಾಗಿ ಎರಡೇ ಆಗುತ್ತಿತ್ತು ಎಂದು ಡಿಕ್ಕಿಯೊಳಗಿಂದ ಅವನ ದನಿ ಬಂತು. ಅವನು ಇಳಿದ ಕೂಡಲೆ ಕಾರು ಮೆಲ್ಲಗೆ ಮೇಲೆದ್ದಿತು. ನೋಡುತ್ತಿದ್ದ ಮಗಳು ಮುಖ ತಿರುಗಿಸಿಕೊಂಡಳು.

ಅರವತ್ತು ಕೆಜಿ ಕಬ್ಬಿಣ ಮೂರು ವಾರದ ಹಿಂದೆ, ಮಾಸ್ತರ ಜೊತೆಯಲ್ಲೇ, ಈ ಕಾರಿನಿಂದ ಇಳಿದಿತ್ತು. ಅಷ್ಟು ಕಬ್ಬಿಣವನ್ನು ಮನುಷ್ಯನ ಜೊತೆ ಯಾಕೆ ಇಳಿಸುತ್ತಾರೆ ಎಂಬುದು ಮೊಳದಕ್ಕನಿಗೆ ಹೊಳೆಯಿತು. ಕಲ್ಲುಗಣಿಯ ಹೊಂಡದ ಹಸಿರು ನೀರು ಕಣ್ಣಮುಂದೆ ಬಂತು. ಹುಡುಗಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಡಿಕ್ಕಿಗೆ ಬೀಗ ಹಾಕಿ ಕೀಲಿಕೈಯನ್ನು ನಿನ್ನ ಜೇಬಿನಲ್ಲೇ ಇಟ್ಟುಕೋ ಎಂದು ಜಾಕಣ್ಣನಿಗೆ ಹೇಳಿ, ಎಡದ ಸ್ಪ್ರಿಂಗನ್ನೂ ಉಂಗುರವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು.

ತಕ್ಕಡಿ ಅಂಗಡಿ ಎರಡು ಬೀದಿ ದಾಟಿದರೆ ಸಿಗುತ್ತಿತ್ತು. ಉದ್ದನೆಯ ಕತ್ತಲೆ ಕೋಣೆ. ಎರಡೂ ಗೋಡೆಗೆ ತಕ್ಕಡಿಗಳ ಸಾಲು, ಕೆಲವಕ್ಕೆ ತಟ್ಟೆಯಿಲ್ಲ, ಕೆಲವಕ್ಕೆ ಮುಳ್ಳಿಲ್ಲ. ಯಾರೂ ಮುಟ್ಟದಿದ್ದರೂ ಒಂದಲ್ಲ ಒಂದು ಮುಳ್ಳು ಅಲುಗಾಡುತ್ತಲೇ ಇತ್ತು. ಒಳಗೆ ಕಾಲಿಟ್ಟವರನ್ನೆಲ್ಲ ಅವು ತೂಗಿ ನೋಡುವ ಹಾಗಿತ್ತು.

ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಎದ್ದುನಿಂತ. ಮೃದು ಮಾತಿನ ಮನುಷ್ಯ. ಕೂರಿ ಎಂದ, ಚಹಾ ತರಿಸಲೇ ಎಂದ, ಅಣ್ಣನ ಮಗಳು ಇನ್ನೂ ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ನೊಂದುಕೊಂಡ. ಆ ನೋವು ಸುಳ್ಳೆಂದು ಮೊಳದಕ್ಕನಿಗೆ ಅನಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಅವಳು ಚೀಲದಿಂದ ಸ್ಪ್ರಿಂಗು ತೆಗೆದು ಮೇಜಿನ ಮೇಲಿದ್ದ ತಕ್ಕಡಿಯ ತಟ್ಟೆಗೆ ಇಟ್ಟಳು. ಮುಳ್ಳು ಅತ್ತಿತ್ತ ಆಡಿ ನಿಂತಿತು. ಚಿಕ್ಕಪ್ಪನ ಕಣ್ಣು ಮೊದಲು ಹೋದದ್ದು ಮುಳ್ಳಿಗೆ, ಆಮೇಲೆ ಸ್ಪ್ರಿಂಗಿಗೆ.

"ಇದು ಗುಜರಿಗೆ ಹೋಗಿತ್ತಲ್ಲ," ಎಂದ.

"ದಾರಿ ತಪ್ಪಿ ವಾಪಸ್ ಬಂತು. ಬಟ್ಟುಗಳನ್ನ ಮಾರಿದ್ದು ಯಾವಾಗ ಅಂದ್ರಿ?"

"ಎರಡು ವರ್ಷ ಆಯ್ತು. ಈಗೆಲ್ಲ ಕರೆಂಟಿನ ತಕ್ಕಡಿ ಬಂದಿದೆ ನೋಡಿ. ಅಣ್ಣಂಗೆ ಹೊರೋಕೂ ಆಗ್ತಿರಲಿಲ್ಲ."

ಮೊಳದಕ್ಕ ತುಕ್ಕಿನ ಮಾತೆತ್ತಿದಳು. ಅವನು ಶಾಂತವಾಗಿ ಕೇಳಿಸಿಕೊಂಡ. ತುಕ್ಕು ಒಂದೊಂದು ಕಬ್ಬಿಣಕ್ಕೆ ಒಂದೊಂದು ಥರ ಹಿಡಿಯುತ್ತದೆ, ಗ್ರೀಸು ಮೆತ್ತಿದ್ದರೆ ವರ್ಷವಾದರೂ ಹಿಡಿಯುವುದಿಲ್ಲ ಎಂದ. ಮೂವತ್ತು ವರ್ಷ ಕಬ್ಬಿಣದ ಜೊತೆ ಬದುಕಿದವನ ಉತ್ತರ. ಮೊಳದಕ್ಕ ಒಪ್ಪಿಕೊಂಡವಳಂತೆ ತಲೆಯಾಡಿಸಿದಳು. ಆಮೇಲೆ ರಬ್ಬರ್ ಉಂಗುರವನ್ನು ಸ್ಪ್ರಿಂಗಿನ ಪಕ್ಕ ಇಟ್ಟಳು.

"ಇದು ನಿಮ್ಮಣ್ಣ ಹಾಕಿಸಿದ್ದು. ಭಾರ ಇದ್ರೆ ಕಾರು ಸಮ. ಭಾರ ತೆಗೆದ್ರೆ ಎಡಗಡೆ ಎರಡು ಬೆರಳು ಮೇಲೆ. ರಸಮಟ್ಟದ ಗುಳ್ಳೆ ಕೂದಲೆಳೆ ಸರಿದ್ರೆ ಪೇಪರ್ ಸಿಗಿಸ್ತಿದ್ದ ಮನುಷ್ಯ ಅವರು. ಬಟ್ಟು ಮಾರಿದ ಮೇಲೆ ಈ ಉಂಗುರ ತೆಗೆಯದೆ ಎರಡು ವರ್ಷ ಓರೆ ಕಾರಲ್ಲಿ ಓಡಾಡಿದ್ರಾ?"

ಚಿಕ್ಕಪ್ಪನ ಬಲಗೈ ತಾನಾಗಿಯೇ ಮುಂದೆ ಬಂದಿತ್ತು. ತಕ್ಕಡಿಯ ಕಾಲಿನಡಿ ಕಾಗದದ ಚೂರೊಂದನ್ನು ಸಿಗಿಸಿ, ಮುಳ್ಳು ಗೆರೆಗೆ ನೇರ ಬಂತೇ ಎಂದು ಅವನು ನೋಡುತ್ತಿದ್ದ. ತಾನು ಮಾಡುತ್ತಿರುವುದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಮೊಳದಕ್ಕನಿಗೆ ಎಲ್ಲ ಬಿಡಿಸಿ ಹೇಳಿದ ಹಾಗಾಯಿತು. ಕಾರು ಒಂದು ಕಡೆ ಎರಡು ಬೆರಳು ಎತ್ತಿಕೊಂಡರೆ ಊರಿನಲ್ಲಿ ಯಾವ ನರಪಿಳ್ಳೆ ಗಮನಿಸುತ್ತಿತ್ತು? ಹಾಗೆಯೇ ಮಾರಿದ್ದರೆ ಕೊಂಡವನಿಗೂ ತಿಳಿಯುತ್ತಿರಲಿಲ್ಲ. ಆದರೆ ಜೀವಮಾನವಿಡೀ ಮುಳ್ಳನ್ನು ನಡುವಿಗೆ ತಂದ ಕಣ್ಣಿಗೆ ಆ ಓರೆ ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಚುಚ್ಚಿತ್ತು. ಊರೆಲ್ಲ ಅದನ್ನೇ ನೋಡುತ್ತಿದೆ ಎಂದು ಅನಿಸಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಯಾರೂ ಕಳ್ಳ ಎಂದಿರಲೇ ಇಲ್ಲ, ತಾನಾಗಿ ಹೋಗಿ ಕಾರನ್ನು ತಗ್ಗಿಸಿಕೊಂಡು ಬಂದಿದ್ದ.

"ಅವನೇ ತಗೊಂಡು ಹೋದ," ಎಂದ ಚಿಕ್ಕಪ್ಪ ಕೊನೆಗೆ. "ಮಾರಲಿಲ್ಲ. ಜೊತೆಗೆ ತಗೊಂಡು ಹೋದ. ಅವನ ಬಟ್ಟು, ಅವನಿಷ್ಟ."

"ಕಾರು ಇಲ್ಲೇ ಬಿಟ್ಟು ಬಸ್ಸಲ್ಲಿ? ಒಂದು ಕೈಲಿ ಸೂಟ್‌ಕೇಸು, ಇನ್ನೊಂದು ಕೈಲಿ ಅರವತ್ತು ಕೆಜಿ?"

ಗೋಡೆಯ ಮೇಲೆ ಯಾವುದೋ ಮುಳ್ಳು ಟಿಕ್ಕೆಂದಿತು. ಚಿಕ್ಕಪ್ಪ ಆ ಕಡೆ ಬೆಚ್ಚಿ ನೋಡಿದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಮೊಳದಕ್ಕ. "ಮೂರು ವಾರದಿಂದ ಊರವರೆಲ್ಲ ಒಂದೇ ಪ್ರಶ್ನೆ ಕೇಳ್ತಿದ್ದಾರೆ, ಮಾಸ್ತರು ಎಲ್ಲಿ ಅಂತ. ಹಾಲಿನವನು ಕೇಳ್ದ, ಪೋಸ್ಟಿನವನು ಕೇಳ್ದ. ಒಡಹುಟ್ಟಿದವರು ನೀವು ಒಂದು ಸಲಾನೂ ಕೇಳಿಲ್ಲ. ಗೊತ್ತಿದ್ದವರು ಮಾತ್ರ ಕೇಳಲ್ಲ."

ಚಿಕ್ಕಪ್ಪನ ಮುಖದಲ್ಲಿ ಸಿಟ್ಟು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಮೂಗಿನ ಮೇಲಿನ ಕೆಂಪು ಗುರುತು ಅವನನ್ನು ತೀರಾ ಮುದುಕನನ್ನಾಗಿ ಮಾಡಿತ್ತು.

"ಸಹಿಗೆ ಹೊತ್ತಾಯ್ತು," ಎಂದ. "ಹೋಗೋಣ ನಡೀರಿ."

ಅಷ್ಟರಲ್ಲಿ ಮೊಳದಕ್ಕನ ಫೋನು ಹೊಡೆದುಕೊಂಡಿತು. ಜಾಕಣ್ಣ. ಅವನ ದನಿ ಅವನದೇ ಅನಿಸಲಿಲ್ಲ.

"ಅಕ್ಕ, ಬೇಗ ಬನ್ನಿ. ಕಾರು ಕೂತಿದೆ."

"ಕೂತಿದೆ ಅಂದ್ರೆ?"

"ಎಡಗಡೆ ಹಿಂದೆ. ಒಂದೂವರೆ ಬೆರಳು."

ಅಂಗಡಿಯ ಬಾಗಿಲೆಳೆದು ಚಿಕ್ಕಪ್ಪನೂ ಜೊತೆಗೇ ಬಂದ. ಮೊಳದಕ್ಕ ಒಂದು ಗಂಟೆ ಅವನ ಎದುರೇ ಕೂತಿದ್ದಳು. ಅವನು ಮೇಜು ಬಿಟ್ಟು ಕದಲಿರಲಿಲ್ಲ, ಫೋನು ಮುಟ್ಟಿರಲಿಲ್ಲ. ಇದನ್ನು ಅವಳು ದಾರಿಯಲ್ಲಿ ಎರಡು ಸಲ ತನಗೆ ತಾನೇ ಹೇಳಿಕೊಂಡಳು.

ಹಿತ್ತಲಿನ ಶೆಡ್ಡಿಗೆ ತಗಡಿನ ಮಾಡು, ಮೂರು ಕಡೆ ಗೋಡೆ. ನಡುಮಧ್ಯಾಹ್ನವಾದರೂ ಒಳಗೆ ತಂಪಾಗಿತ್ತು. ಜಾಕಣ್ಣ ನಡೆದದ್ದನ್ನು ಹೇಳಿದ. ಹನ್ನೊಂದೂವರೆಗೆ ಮುಂದಿನ ಕಡೆ ಗಿರಾಕಿಯೊಬ್ಬರು ಬಂದರಂತೆ. ಅರ್ಧ ಗಂಟೆ ಅಲ್ಲಿದ್ದ. ಮಗಳೂ ಮುಂದಿನ ಬಾಗಿಲಲ್ಲೇ ಕೂತಿದ್ದಳು. ಹಿತ್ತಲ ಗೇಟಿಗೆ ಚಿಲಕ ಮಾತ್ರ ಹಾಕಿತ್ತು. ತಿರುಗಿ ಬಂದು ನೋಡಿದರೆ ಕಾರು ವಾಲಿತ್ತು. ಡಿಕ್ಕಿಯ ಕೀಲಿಕೈ ಜೇಬಿನಲ್ಲೇ ಇತ್ತು. ತೆರೆಯುವ ಧೈರ್ಯವಾಗಿರಲಿಲ್ಲ.

ಮೊಳದಕ್ಕ ಬಗ್ಗಿ ಅಳೆದಳು. ಒಂದೂವರೆ ಬೆರಳು, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಿಕ್ಕಿಯ ಕೆಳಗಿನ ಸಂದಿಯಿಂದ ಹನಿ ಹನಿ ನೀರು ಸಿಮೆಂಟಿನ ಮೇಲೆ ಬೀಳುತ್ತಿತ್ತು. ಬೀಗದ ಸುತ್ತ ಒಂದು ಗೀರೂ ಇರಲಿಲ್ಲ.

"ಇನ್ನೊಂದು ಕೀಲಿಕೈ ಯಾರ ಹತ್ರ?" ಎಂದಳು.

"ಅಪ್ಪನ ಹತ್ರ," ಎಂದಳು ಮಗಳು. "ಅಂಗಿಯ ಒಳಜೇಬಲ್ಲಿ. ಯಾರಿಗೂ ಕೊಡಲ್ಲ."

ಜಾಕಣ್ಣ ಕೊಟ್ಟ ಕೀಲಿಕೈಯನ್ನು ಮೊಳದಕ್ಕನೇ ತಿರುಗಿಸಿದಳು. ಡಿಕ್ಕಿಯ ಬಾಗಿಲು ಮೇಲೆದ್ದಿತು. ನಿಂತ ನೀರಿನ ವಾಸನೆ ಮುಖಕ್ಕೆ ಹೊಡೆಯಿತು.

ಎಡ ಮೂಲೆಯಲ್ಲಿ ಮೂರು ಬಟ್ಟುಗಳು ಒತ್ತಾಗಿ ಕೂತಿದ್ದವು. ಹಿಡಿಗಳಿಗೆ ಹಸಿರು ಪಾಚಿ ಸುತ್ತಿಕೊಂಡಿತ್ತು. ಆ ಹಿಡಿಗಳ ಮೂಲಕ ದಪ್ಪ ಹಗ್ಗವೊಂದು ಹಾದು, ಆಚೆ ತುದಿಯಲ್ಲಿ ದೊಡ್ಡ ಕುಣಿಕೆಯಾಗಿ ಮುಗಿದಿತ್ತು. ಮನುಷ್ಯನ ಸೊಂಟದಷ್ಟು ಅಗಲದ ಕುಣಿಕೆ. ಮೊಳದಕ್ಕ ಹಗ್ಗವನ್ನು ಉದ್ದಕ್ಕೂ ನೋಡಿದಳು. ಎಲ್ಲೂ ಕೊಯ್ದಿರಲಿಲ್ಲ. ನೆಂದು ಬಿಗಿದ ಗಂಟು ಕಟ್ಟಿದ ಹಾಗೆಯೇ ಇತ್ತು. ಒಳಗಿದ್ದವರು ಮಾತ್ರ ಇರಲಿಲ್ಲ.

ಬಟ್ಟುಗಳ ಮೇಲೆ ರಸಮಟ್ಟವಿತ್ತು. ಅದರ ಮೈ ಮಾತ್ರ ಒಣಗಿತ್ತು. ಗುಳ್ಳೆ ನಟ್ಟನಡುವೆ ನಿಂತಿತ್ತು.

ಮಾಸ್ತರ ಮಗಳು ಎಲ್ಲರನ್ನೂ ಸರಿಸಿ ಮುಂದೆ ಬಂದಳು. ರಸಮಟ್ಟದ ಒಂದು ತುದಿಯಡಿ ಸಿಗಿಸಿದ್ದ ಕಾಗದದ ಚೂರನ್ನು ಎರಡು ಬೆರಳಲ್ಲಿ ಎಳೆದಳು. ನಾಲ್ಕು ಮಡಿಕೆ. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ತೀಡಿದ ಮಡಿಕೆ. ಅದನ್ನು ಅವಳು ಮೆಲ್ಲಗೆ ಬಿಡಿಸಿದಳು.

ಅದು ಪೇಪರಿನ ಮೇಲಂಚು. ಅದರಲ್ಲಿ ತಾರೀಖಿತ್ತು. ಮೊಳದಕ್ಕ ಇಣುಕಿ ಓದಿದಳು. ಇವತ್ತಿನದೇ ತಾರೀಖು.

ಕಾಯಬೇಕೋ ಅಳಬೇಕೋ ಎಂದು ಮೂರು ವಾರ ಕೇಳಿದ ಹುಡುಗಿ ಈಗ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ನೋಟ ಮಾತ್ರ ಹಿತ್ತಲ ಗೇಟಿನ ಮೇಲೆ ನೆಟ್ಟಿತ್ತು. ಗೇಟು ಅರ್ಧ ತೆರೆದಿತ್ತು. ಮಾಸ್ತರು ಸತ್ತರೆಂದು ಮೊಳದಕ್ಕ ತೀರ್ಮಾನ ಮಾಡಿಯಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ತನ್ನ ಲೆಕ್ಕ ತಪ್ಪಲಿ ಎಂದು ಅವಳು ಬೇಡಿಕೊಂಡದ್ದು ಇದೇ ಮೊದಲು.

ಆಗ ಹಿಂದಿನಿಂದ ಯಾರೋ ಮೊಳದಕ್ಕನ ತೋಳು ಹಿಡಿದರು. ಚಿಕ್ಕಪ್ಪ. ಅವನು ಬಟ್ಟುಗಳನ್ನು ನೋಡುತ್ತಿರಲಿಲ್ಲ, ಆ ಗಂಟನ್ನೇ ನೋಡುತ್ತಿದ್ದ. ಬೆರಳುಗಳು ಮಂಜಿನಂತೆ ತಣ್ಣಗಿದ್ದವು. ಅವನು ತಗ್ಗಿದ ದನಿಯಲ್ಲಿ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ, ಮೂರು ವಾರದಲ್ಲಿ ಮೊಟ್ಟಮೊದಲ ಸಲ ಆ ಪ್ರಶ್ನೆ ಕೇಳಿದ.

"ಅಣ್ಣ ಎಲ್ಲಿ?"